ಟೀಚರಮ್ಮನ ಇಪ್ಪತ್ತು

ಅಕ್ಕ ತೀರಿಕೊಂಡದ್ದು ಬೆಳಗ್ಗೆ ಐದೂಮುಕ್ಕಾಲಿಗೆ. ಅವಳ ಮಂಚದ ತುದಿಗೆ ನೇತುಹಾಕಿದ್ದ ಪಟ್ಟಿಯಲ್ಲಿ ಆರು ಗಂಟೆಯ ಸಾಲಿನಲ್ಲಿ ನಾಡಿ ಎಂಬತ್ತೆಂಟು, ಉಸಿರಾಟ ಇಪ್ಪತ್ತು ಎಂದು ಬರೆದಿತ್ತು. ಸತ್ತು ಕಾಲು ಗಂಟೆಯಾದ ಮೇಲೂ ನನ್ನ ಅಕ್ಕ ನಿಮಿಷಕ್ಕೆ ಇಪ್ಪತ್ತು ಸಲ ಉಸಿರಾಡುತ್ತಿದ್ದಳು, ಅದೂ ನೀಲಿ ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ.

ಆ ಅಕ್ಷರ ಯಾರದೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಈ ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ವಾರ್ಡುಗಳಲ್ಲಿ ಓಡಾಡುವ ನರ್ಸುಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಯಲ್ಲಿ ಕಲಿತವರು. ನನ್ನನ್ನು ಟೀಚರಮ್ಮ ಎನ್ನುತ್ತಾರೆ. ಹಿಂದಿನಿಂದ ಏನೆನ್ನುತ್ತಾರೋ ನಾನು ಕೇಳಲು ಹೋಗಿಲ್ಲ. ಆ ದುಂಡಕ್ಷರ ಗುಬ್ಬಿಯದು. ಗುಬ್ಬಿ ಎಂಬುದು ಅವಳ ಹೆಸರಲ್ಲ. ಎದುರಿಗಿದ್ದವರಿಗೂ ಕೇಳಿಸದಂಥ ದನಿ ಅವಳದು, ಅದಕ್ಕೇ ಮೊದಲ ವರ್ಷದ ಕ್ಲಾಸಿನಲ್ಲಿ ನಾನು ಇಟ್ಟ ಅಡ್ಡಹೆಸರು. ಈಗ ಅವಳಿಗೆ ಮೂವತ್ತನಾಲ್ಕು ವರ್ಷ, ಎರಡು ಮಕ್ಕಳ ತಾಯಿ. ಹೆಸರು ಮಾತ್ರ ಅಂಟಿಕೊಂಡೇ ಇದೆ.

ನಾನು ಅಳಲಿಲ್ಲ. ಅಕ್ಕನ ಕಣ್ಣು ಮುಚ್ಚಿದೆ, ಮೂಗಿನಿಂದ ಆಮ್ಲಜನಕದ ನಳಿಕೆ ತೆಗೆದೆ, ಕಿವಿಯ ಹಿಂದೆ ಅದು ಒತ್ತಿ ಕೆಂಪಾಗಿದ್ದ ಜಾಗವನ್ನು ಹತ್ತಿಯಿಂದ ಒರೆಸಿದೆ. ಹೊದಿಕೆಯ ಮೂಲೆಗಳನ್ನು ಕ್ಲಾಸಿನಲ್ಲಿ ಹೇಳಿಕೊಡುವ ಹಾಗೇ ಮಡಿಸಿದೆ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟರೆ ದವಡೆ ಹೇಗಿರುತ್ತದೋ ಹಾಗಿತ್ತು ನನ್ನ ಮನಸ್ಸು. ಇದೆ ಎಂದು ಗೊತ್ತು, ಕಚ್ಚಿಕೊಂಡರೂ ನೋವಿಲ್ಲ.

ಅಕ್ಕ ಟೈಲರ್. ಶಾಲೆಯ ಮಕ್ಕಳ ಸಮವಸ್ತ್ರ, ನಮ್ಮ ನರ್ಸುಗಳ ಸಮವಸ್ತ್ರ ಹೊಲಿಯುತ್ತಿದ್ದಳು. ಕಾಲು ಹೊಲಿಗೆಯಂತ್ರದ ಮೇಲೆ, ಬಾಯಿ ಯಾರ ಮೇಲಾದರೂ ಸರಿ. ಮಾತಿಗೆ ಕೂತರೆ ಪೂರ್ಣವಿರಾಮವೇ ಇಲ್ಲ. "ಇವಳ ಮಾತಿನ ಮಧ್ಯೆ ನುಗ್ಗೋಕೆ ಸಂದು ಹುಡುಕ್ತಾ ಹುಡುಕ್ತಾ ನನಗೆ ಕೂದಲು ಬೆಳ್ಳಗಾಯ್ತು" ಎನ್ನುತ್ತಿದ್ದರು ಭಾವ, ಅವರು ಹೋಗಿ ಏಳು ವರ್ಷ. ನಾನು ನರ್ಸಿಂಗ್ ಸೇರಿದ ದಿನ ಅಕ್ಕ ತನ್ನ ಕೈಗಡಿಯಾರ ಬಿಚ್ಚಿ ನನಗೆ ಕಟ್ಟಿದ್ದಳು. ಸೆಕೆಂಡಿನ ಮುಳ್ಳಿರುವ ಗಡಿಯಾರ. ನಾಡಿ, ಉಸಿರು ಎಣಿಸಲು ಅದು ಬೇಕು ಎಂದು ಯಾರೋ ಅವಳಿಗೆ ಹೇಳಿದ್ದರಂತೆ. ಅದು ಇವತ್ತಿಗೂ ನನ್ನ ಕೈಯಲ್ಲಿದೆ.

ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಅವಳನ್ನು ನಮ್ಮ ಆಸ್ಪತ್ರೆಗೇ ಸೇರಿಸಿದ್ದು ನಾನು. "ನನ್ನ ಹುಡುಗೀರೇ ನೋಡ್ಕೋತಾರೆ ಬಾ" ಎಂದು ಜಂಬದಿಂದ ಕರೆದುಕೊಂಡು ಬಂದಿದ್ದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳನ್ನು ನೋಡಲು ಹೋದೆ. ಗೋಡೆಗೆ ಒರಗಿ ಕೂತಿದ್ದಳು.

"ಉಸಿರಾಡೋಕೆ... ಒಂಥರಾ ಆಗ್ತಿದೆ ಕಣೇ" ಅಂದಳು.

ನಾನು ಅವಳ ಮುಖ ನೋಡಲಿಲ್ಲ, ಎದೆ ನೋಡಲಿಲ್ಲ. ಮಂಚದ ತುದಿಗೆ ಹೋಗಿ ಪಟ್ಟಿ ನೋಡಿದೆ. ಜ್ವರ ಸ್ವಲ್ಪ, ನಾಡಿ ಸ್ವಲ್ಪ ಹೆಚ್ಚು, ಉಸಿರಾಟ ಇಪ್ಪತ್ತು. ಹಿಂದಿನ ದಿನ ಇಪ್ಪತ್ತು, ಅದರ ಹಿಂದಿನ ದಿನವೂ ಇಪ್ಪತ್ತು.

"ಎಲ್ಲಾ ಸರಿಯಾಗೇ ಇದೆ ಕಣೇ. ಉಸಿರು ಇಪ್ಪತ್ತಿದೆ. ಹೊಲಿಗೆ ಹಾಕಿದ ಜಾಗ ನೋಯುತ್ತಲ್ಲ, ಅದಕ್ಕೆ ಹಾಗನ್ಸುತ್ತೆ."

"ಹಂಗಾ?" ಅಂದಳು. ನಾನು ಹೇಳಿದ್ದನ್ನು ಅಕ್ಕ ಎಂದೂ ಎರಡನೇ ಸಲ ಕೇಳಿದವಳಲ್ಲ. ತಂಗಿ ಟೀಚರಮ್ಮ ಅಲ್ಲವೇ? ಆಮೇಲೆ ನಾನು ಗಡಿಯಾರ ನೋಡಿಕೊಂಡೆ. ಬಿಡುವು ಮುಗಿಯಲು ಆರು ನಿಮಿಷವಿತ್ತು. ಎದ್ದು ಬಂದೆ.

ಮಾರನೆಯ ದಿನ ಬೆಳಗ್ಗೆ ಅವಳು ಇರಲಿಲ್ಲ. ಶ್ವಾಸಕೋಶದಲ್ಲಿ ಸೋಂಕು, ಎರಡು ದಿನದಿಂದ ಬಲಿಯುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ನಳಿಕೆಯಲ್ಲಿ ಆಮ್ಲಜನಕ ಹೋಗುತ್ತಿದ್ದುದರಿಂದ ಬೆರಳಿಗೆ ಹಾಕುವ ಕ್ಲಿಪ್ಪು ಎಲ್ಲ ಸರಿಯಿದೆ ಎಂದೇ ತೋರಿಸುತ್ತಿತ್ತು. ಇಂಥ ಹೊತ್ತಿನಲ್ಲಿ ಮೊದಲು ಸುಳಿವು ಕೊಡುವುದು ಉಸಿರಿನ ಲೆಕ್ಕ ಒಂದೇ. ಇದನ್ನು ವರ್ಷಕ್ಕೆರಡು ಸಲ ಬೋರ್ಡಿನ ಮೇಲೆ ನಾನೇ ಬರೆಯುತ್ತೇನೆ, ಕೆಳಗೆ ಗೆರೆ ಎಳೆಯುತ್ತೇನೆ.

ಈಗ ಆ ಇಪ್ಪತ್ತರ ವಿಷಯ ಹೇಳಿಬಿಡುತ್ತೇನೆ.

ಒಬ್ಬರ ಉಸಿರು ಎಣಿಸಬೇಕೆಂದರೆ ಒಂದು ನಿಮಿಷ ಸುಮ್ಮನೆ ಅವರ ಎದೆಯನ್ನೇ ನೋಡುತ್ತ ನಿಲ್ಲಬೇಕು. ಯಂತ್ರವಿಲ್ಲ, ಅಡ್ಡದಾರಿಯಿಲ್ಲ. ಮೂವತ್ತೆಂಟು ಮಂಚದ ವಾರ್ಡಿಗೆ ಇಬ್ಬರು ನರ್ಸುಗಳು. ಮೂವತ್ತೆಂಟು ನಿಮಿಷ ಬರೀ ನಿಂತು ನೋಡುವುದಕ್ಕೆ ಯಾರಿಗಿದೆ ಪುರುಸೊತ್ತು? ನಾನು ಹೊಸಬಳಾಗಿ ವಾರ್ಡಿಗೆ ಬಂದಾಗ ನಮ್ಮ ದೊಡ್ಡ ಸಿಸ್ಟರ್ ಕಿವಿಯಲ್ಲಿ ಹೇಳಿದ್ದರು: "ಟೈಮಿಲ್ಲದಿದ್ರೆ ಇಪ್ಪತ್ತು ಬರಿ. ಹದಿನೆಂಟು ಬರೆದ್ರೆ ಚೆನ್ನಾಗಿದ್ದಾರಲ್ಲ, ಮನೆಗೆ ಕಳಿಸಿ ಅಂತಾರೆ. ಇಪ್ಪತ್ನಾಲ್ಕು ಬರೆದ್ರೆ ಡಾಕ್ಟರ್ ಬಂದು ನೂರೆಂಟು ಪ್ರಶ್ನೆ ಕೇಳ್ತಾರೆ. ಇಪ್ಪತ್ತಕ್ಕೆ ಯಾರೂ ತಲೆ ಎತ್ತಲ್ಲ."

ದೊಡ್ಡ ಸಿಸ್ಟರ್ ಹೋದರು, ನಾನು ಟೀಚರಮ್ಮನಾದೆ. ಕ್ಲಾಸಿನಲ್ಲಿ ಪುಸ್ತಕದಲ್ಲಿದ್ದದ್ದನ್ನೇ ಹೇಳುತ್ತಿದ್ದೆ. ಆದರೆ ಹುಡುಗಿಯರು ಮೊದಲ ಸಲ ವಾರ್ಡಿಗೆ ಹೊರಟು, "ಮೇಡಂ, ಇಷ್ಟೆಲ್ಲ ಹೇಗೆ ಮುಗಿಸೋದು?" ಎಂದು ಅಳುಮೋರೆ ಮಾಡಿದಾಗ, ಬಾಗಿಲ ಬಳಿ ನಿಲ್ಲಿಸಿ ಆ ಮಾತನ್ನೂ ದಾಟಿಸುತ್ತಿದ್ದೆ. ಕರುಣೆಯಿಂದಲೇ ಹೇಳಿದ್ದು, ಸುಳ್ಳಲ್ಲ. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಅಕ್ಕ ಹೋದ ಐದನೆಯ ದಿನ ಗುಬ್ಬಿ ನನ್ನ ಕೋಣೆಗೆ ಬಂದಳು. ಆಸ್ಪತ್ರೆಯಲ್ಲಿ ಚಿಕಿತ್ಸೆಯ ಗುಣಮಟ್ಟ ನೋಡಿಕೊಳ್ಳಲು ಒಬ್ಬ ಡಾಕ್ಟರನ್ನು ನೇಮಿಸಿದ್ದಾರೆ. ಎಲ್ಲದಕ್ಕೂ ಒಂದು ಹಾಳೆ, ಹಾಳೆಯ ತುಂಬ ಚೌಕಗಳು. ಹಾಗಾಗಿ ಅವರಿಗೆ ಚೌಕದ ಡಾಕ್ಟರ್ ಎಂದು ಹೆಸರು. ಅಕ್ಕನ ಸಾವಿನ ವಿಚಾರಣೆಗೆ ಅವರು ಗುಬ್ಬಿಯನ್ನು ಕರೆದಿದ್ದರು. ಸತ್ತವರಿಗೆ ಉಸಿರು ಬರೆದವಳನ್ನು ಇಟ್ಟುಕೊಳ್ಳುವ ಆಸ್ಪತ್ರೆ ಯಾವುದು? ಅವಳ ಕೆಲಸ ಹೋಗುವುದು ಖಾತ್ರಿ.

ಕೂರು ಎಂದರೂ ಕೂರಲಿಲ್ಲ. "ಮೇಡಂ, ಆರು ಗಂಟೆಯದ್ದನ್ನ ಐದಕ್ಕೇ ಎಲ್ಲರಿಗೂ ಬರೆದಿಟ್ಟುಬಿಟ್ಟೆ. ಮೂರು ಜನಕ್ಕೆ ಡ್ರಿಪ್ ಬದಲಿಸೋದಿತ್ತು, ಒಬ್ಬರನ್ನ ಆಪರೇಷನ್‌ಗೆ ರೆಡಿ ಮಾಡೋದಿತ್ತು. ಅಕ್ಕ ನಿದ್ದೆ ಮಾಡ್ತಿದ್ದಾರೆ ಅಂದ್ಕೊಂಡೆ."

"ಹೂಂ" ಅಂದೆ.

"ನಾನು ಯಾರ ಹೆಸರೂ ಹೇಳಲ್ಲ ಮೇಡಂ."

ಇದನ್ನು ಹೇಳಲೆಂದೇ ಬಂದಿದ್ದಳು. ಅವಳ ದನಿ ಎಂದಿನಷ್ಟೇ ಸಣ್ಣದು, ನನಗೆ ಮಾತ್ರ ಒಂದೊಂದು ಅಕ್ಷರವೂ ಕೇಳಿಸಿತು. ತಲೆಯಾಡಿಸಿದೆ. ಅವಳು ಅದನ್ನು ಒಪ್ಪಿಗೆ ಎಂದುಕೊಂಡಳೇನೋ, ಹೊರಟುಹೋದಳು. ನಾನು ಪರೀಕ್ಷೆಯ ಪೇಪರುಗಳನ್ನು ತಿದ್ದಲು ಕೂತೆ. ಒಂದೇ ಸಮನೆ ಹನ್ನೊಂದು ಪೇಪರು ತಿದ್ದಿದೆ. ನನಗೆ ನನ್ನ ಮೇಲೆ ಅಸಹ್ಯ ಹುಟ್ಟಬೇಕಿತ್ತು, ಅದೂ ಹುಟ್ಟಲಿಲ್ಲ.

ಅಕ್ಕನಿಗೆ ಒಬ್ಬಳೇ ಮಗಳು. ಐದು ಗಂಟೆ ಬಸ್ಸಿನ ದಾರಿಯ ಊರಿನಲ್ಲಿ ಲೈಬ್ರರಿಯಲ್ಲಿ ಕೆಲಸ. ತಾಯಿಯಂತಲ್ಲ, ಮಾತು ಕಡಿಮೆ. ಸುದ್ದಿ ಕೇಳಿ ಬಂದವಳು ಅಕ್ಕನ ಮನೆಯಲ್ಲೇ ಉಳಿದಿದ್ದಳು. ಏಳನೆಯ ದಿನ ಮಧ್ಯಾಹ್ನ ನಾನು ಅಲ್ಲಿಗೆ ಹೋದಾಗ ಅರ್ಧ ಹೊಲಿದ ಬಟ್ಟೆಗಳನ್ನು ಗಂಟು ಕಟ್ಟುತ್ತಿದ್ದಳು. ಹೊಲಿಗೆಯಂತ್ರದ ಸೂಜಿಯ ಕೆಳಗೆ ಒಂದು ಬಿಳಿ ತೋಳು ಹಾಗೇ ಸಿಕ್ಕಿಕೊಂಡಿತ್ತು. ಅದು ನನಗೆ ಹೊಲಿಯುತ್ತಿದ್ದದ್ದು.

ಅವಳು ಟೀ ಮಾಡಿ ತಂದಳು. ಇಬ್ಬರೂ ನೆಲದ ಮೇಲೆ ಕೂತೆವು.

"ಚಿಕ್ಕಮ್ಮ, ನಾಡಿದ್ದು ಮೀಟಿಂಗ್ ಅಂತೆ. ನಂಗೂ ಫೋನ್ ಮಾಡಿದ್ರು. ಆ ನರ್ಸ್‌ನ ಕೆಲಸದಿಂದ ತೆಗೀತಾರಂತೆ."

"ಹೂಂ."

"ನೀನೇನು ಹೇಳ್ತೀಯ?"

"ಕೇಳಿದ್ದಕ್ಕೆ ಹೇಳ್ತೀನಿ" ಅಂದೆ. ಹಾರಿಕೆಯ ಉತ್ತರ ಎಂದು ನನಗೇ ಗೊತ್ತಿತ್ತು.

ಅವಳು ತನ್ನ ಫೋನ್ ತೆಗೆದಳು. "ಅಮ್ಮ ಹಿಂದಿನ ದಿನ ಮಧ್ಯಾಹ್ನ ಕಳಿಸಿದ್ದು. ನಿಂಗೆ ಕೇಳಿಸಿರ್ಲಿಲ್ಲ."

ಫೋನನ್ನು ನಮ್ಮಿಬ್ಬರ ನಡುವೆ ನೆಲದ ಮೇಲಿಟ್ಟಳು. ಅಕ್ಕನ ದನಿ ಬಂತು.

"ಮಗಳೇ... ಊಟ ಆಯ್ತಾ... ನಂದಾಯ್ತು... ಅಂದ್ರೆ ಎರಡು... ಚಮಚ... ಚಿಕ್ಕಮ್ಮ... ಬಂದಿದ್ಲು ಈಗ... ಪಟ್ಟಿ ನೋಡಿದ್ಲು... ಎಲ್ಲಾ... ಸರಿಯಾಗಿದೆ... ಅಂದ್ಲು..."

ನನ್ನ ಕಣ್ಣು ತಾನಾಗಿಯೇ ಗಡಿಯಾರದ ಮೇಲೆ ಹೋಯಿತು. ಬೇಕೆಂದು ಮಾಡಿದ್ದಲ್ಲ, ಕೈಗೆ ಹತ್ತಿದ ಅಭ್ಯಾಸ. ಸೆಕೆಂಡಿನ ಮುಳ್ಳು ಹನ್ನೆರಡನ್ನು ದಾಟುತ್ತಿತ್ತು. ಎಣಿಸತೊಡಗಿದೆ. ಒಂದು, ಎರಡು, ಮೂರು. ಮಾತಿನ ಒಂದೊಂದು ತುಂಡಿನ ನಂತರ ಅವಳು ಗಾಳಿಯನ್ನು ಎಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಮುಳ್ಳು ಆಗಿನ್ನೂ ಏಳನ್ನು ಮುಟ್ಟಿರಲಿಲ್ಲ.

"ನೀನು ಬಸ್... ಹತ್ತಿ ಓಡಿ... ಬರಬೇಡ... ಭಾನುವಾರ... ಬಂದ್ರೆ ಸಾಕು... ಅವಳು... ಇದ್ದಾಳಲ್ಲ... ನಂಗೇನು... ಭಯ..."

ಮೂವತ್ತಾರು.

ಹೊಲಿಗೆಯಂತ್ರದ ಮುಂದೆ ಕೂತು ಊರ ಸುದ್ದಿಯನ್ನೆಲ್ಲ ಒಂದೇ ಗುಕ್ಕಿಗೆ ಹೇಳಿ ಮುಗಿಸುತ್ತಿದ್ದವಳು ನನ್ನ ಅಕ್ಕ. ಇಲ್ಲಿ ಎರಡು ಪದಕ್ಕೊಮ್ಮೆ ಉಸಿರಿಗಾಗಿ ತಡೆಯುತ್ತಿದ್ದಳು. ನನ್ನೆದುರಿಗೂ ಹಾಗೇ ತಡೆದು ಮಾತಾಡಿದ್ದಳು. ಅದು ನನ್ನ ಕಿವಿಗೆ ಬಿದ್ದಿತ್ತು. ಕಿವಿಗೆ ಬಿದ್ದದ್ದನ್ನು ಬಿಟ್ಟು ಪಟ್ಟಿಯಲ್ಲಿದ್ದದ್ದನ್ನು ನಂಬಿದೆ. ಆ ಪಟ್ಟಿಯ ಇಪ್ಪತ್ತು ಎಲ್ಲಿಂದ ಬಂತು ಎಂಬುದು ಇಡೀ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು.

"ಅವತ್ತು ಬಸ್ ಸ್ಟ್ಯಾಂಡ್‌ನಲ್ಲಿದ್ದೆ ಚಿಕ್ಕಮ್ಮ" ಅಂದಳು ಮಗಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಾಸಿಯಿತ್ತು. "ಇದನ್ನ ಕೇಳಿಸಿಕೊಂಡು ವಾಪಸ್ ಮನೆಗೆ ಹೋದೆ."

ಟೀ ಆರಿತ್ತು. ಕುಡಿದೆ. ಆಮೇಲೆ ಹೇಳಿದೆ, ದೊಡ್ಡ ಸಿಸ್ಟರಿಂದ ಹಿಡಿದು ಗುಬ್ಬಿಯವರೆಗೆ, ಒಂದನ್ನೂ ಬಿಡದೆ. ಅವಳು ಎಲ್ಲ ಕೇಳಿ ಎರಡೂ ಲೋಟ ತೆಗೆದುಕೊಂಡು ಒಳಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಬೀಳುತ್ತಲೇ ಇತ್ತು. ನಾನು ಚಪ್ಪಲಿ ಮೆಟ್ಟಿ ಹೊರಟಾಗಲೂ ಅವಳು ಹೊರಗೆ ಬರಲಿಲ್ಲ.

ಮೀಟಿಂಗ್ ನಡೆದದ್ದು ಎರಡನೇ ಮಹಡಿಯ ಉದ್ದನೆಯ ಕೋಣೆಯಲ್ಲಿ. ಚೌಕದ ಡಾಕ್ಟರ್ ಮೇಜಿನ ತುದಿಯಲ್ಲಿ, ಗುಬ್ಬಿ ಇನ್ನೊಂದು ತುದಿಯಲ್ಲಿ, ಕಿಟಕಿಯ ಪಕ್ಕ ಅಕ್ಕನ ಮಗಳು. ಡಾಕ್ಟರು ಹಾಳೆ ಓದಿದರು. ತಪ್ಪು ಯಾವುದರದು ಎಂಬ ಪ್ರಶ್ನೆಗೆ ಮೂರು ಚೌಕ: ವ್ಯಕ್ತಿ, ಉಪಕರಣ, ಪದ್ಧತಿ. 'ವ್ಯಕ್ತಿ'ಯ ಮೇಲೆ ಆಗಲೇ ಗುರುತು ಬಿದ್ದಿತ್ತು.

"ಸಿಸ್ಟರ್, ನೀವು ಮನೆಯವರೂ ಹೌದು, ನಮ್ಮವರೂ ಹೌದು. ಏನಾದ್ರೂ ಹೇಳೋದಿದ್ಯಾ?" ಎಂದು ನನ್ನನ್ನು ಕೇಳಿದರು.

"ಬೇರೆ ವಾರ್ಡಿನ ಪಟ್ಟಿಗಳನ್ನೂ ತರಿಸಿ ಡಾಕ್ಟ್ರೇ. ಯಾವುದಾದ್ರೂ ಸರಿ. ಉಸಿರಾಟದ ಕಾಲಂ ಒಂದನ್ನೇ ನೋಡಿ."

ತರಿಸಿದರು. ಮಕ್ಕಳ ವಾರ್ಡು, ಮೂಳೆ ವಾರ್ಡು, ಹೆರಿಗೆ ವಾರ್ಡು. ಡಾಕ್ಟರು ಒಂದೊಂದೇ ಹಾಳೆ ತಿರುವಿದರು. ಎರಡು ತಿಂಗಳ ಕೂಸಿಗೆ ಇಪ್ಪತ್ತು, ಎಂಬತ್ತರ ಮುದುಕನಿಗೆ ಇಪ್ಪತ್ತು. ಮೂಳೆ ವಾರ್ಡಿನಲ್ಲಿ ಬೆಳಗ್ಗೆ ಹತ್ತಕ್ಕೇ ಮನೆಗೆ ಹೋದ ಒಬ್ಬ ಮಧ್ಯಾಹ್ನ ಎರಡು ಗಂಟೆಗೂ ಖಾಲಿ ಮಂಚದ ಮೇಲೆ ಇಪ್ಪತ್ತು ಸಲ ಉಸಿರಾಡಿದ್ದ. ಯಾರೋ ನಗಲು ಹೋಗಿ ಬಾಯಿ ಮುಚ್ಚಿಕೊಂಡರು.

"ಇದನ್ನ ಕಲಿಸಿದ್ದು ನಾನು" ಅಂದೆ. "ಗುಬ್ಬಿಗೂ ನಾನೇ ಕಲಿಸಿದ್ದು. ಅವಳು ನಿಮಗೆ ಹೇಳಲ್ಲ, ಅದಕ್ಕೆ ನಾನು ಹೇಳ್ತಿದೀನಿ. ಅವತ್ತು ಮಧ್ಯಾಹ್ನ ನನ್ನ ಅಕ್ಕನ ಉಸಿರು ಮೂವತ್ತಾರಿತ್ತು. ನಾನು ಎರಡಡಿ ದೂರದಲ್ಲಿ ಕೂತಿದ್ದೆ, ಕೈಯಲ್ಲಿ ಗಡಿಯಾರ ಇತ್ತು. ಎಣಿಸಲಿಲ್ಲ."

ನನ್ನ ದನಿ ನಡುಗಲಿಲ್ಲ. ಪಾಠ ಹೇಳುವ ದನಿಯೇ ಇತ್ತು. ಗುಬ್ಬಿ ಮೇಜಿನ ಮೇಲೆ ತಲೆಯಿಟ್ಟು ಅಳಲು ಶುರು ಮಾಡಿದಳು. ಅವಳು ಜೋರಾಗಿ ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಬರೆದು ತಂದಿದ್ದ ರಾಜೀನಾಮೆಯನ್ನು ಡಾಕ್ಟರ ಮುಂದೆ ಇಟ್ಟೆ.

ಅವರು ಅದನ್ನು ಓದಿ, ನಾಲ್ಕಾಗಿ ಮಡಿಸಿ ನನ್ನ ಕಡೆಗೇ ತಳ್ಳಿದರು. "ಬಿಟ್ಟು ಹೋದ್ರೆ ನಿಮಗೆ ಸಲೀಸು ಸಿಸ್ಟರ್. ನೀವು ಹೋಗ್ತೀರಿ, ಇಪ್ಪತ್ತು ಇಲ್ಲೇ ಇರುತ್ತೆ. ಕಲಿಸಿದವರೇ ಮರೆಸಬೇಕು." ಆಮೇಲೆ 'ವ್ಯಕ್ತಿ'ಯ ಮೇಲಿನ ಗುರುತನ್ನು ಹೊಡೆದುಹಾಕಿ 'ಪದ್ಧತಿ'ಗೆ ಹಾಕಿದರು. ಗುಬ್ಬಿಗೆ ಎಚ್ಚರಿಕೆಯ ಪತ್ರ, ವಾರ್ಡಿಗೆ ಇನ್ನೊಬ್ಬ ನರ್ಸು ಬೇಕೆಂದು ಮೇಲಿನವರಿಗೆ ಒಂದು ಪತ್ರ. ಎರಡನೆಯದು ಎಲ್ಲಿ ಹೋಗಿ ಕೂರುತ್ತದೆ ಎಂದು ನನಗೆ ಗೊತ್ತಿದೆ. ಆದರೂ ಬರೆದರಲ್ಲ.

ಮೆಟ್ಟಿಲ ಬಳಿ ಅಕ್ಕನ ಮಗಳು ಕಾಯುತ್ತಿದ್ದಳು. ಸಂಜೆಯ ಬಸ್ಸಿಗೆ ಹೊರಟಿದ್ದಳು, ಹೆಗಲಲ್ಲಿ ಚೀಲ.

"ಅಮ್ಮನ ದನಿ ನಿನ್ನ ಫೋನಿಗೆ ಕಳಿಸಿದೀನಿ" ಅಂದಳು. "ನಿನ್ನ ಹುಡುಗೀರಿಗೆ ಕೇಳಿಸು. ಪ್ರತಿ ವರ್ಷ."

"ಆಯ್ತು."

"ನೀನು ಹೊರಗೆ ಹೋಗಿ ನಿಲ್ಲಬಾರದು. ಅವರ ಜೊತೆ ಕೂತು ಪೂರ್ತಿ ಎಣಿಸಬೇಕು."

"ಆಯ್ತು ಕಣೇ" ಅಂದೆ. ಅವಳು ನನ್ನ ಕೈ ಹಿಡಿಯಲಿಲ್ಲ, ಬರ್ತೀನಿ ಎನ್ನಲಿಲ್ಲ. ಮೆಟ್ಟಿಲಿಳಿದು ಹೋದಳು.

ಮುಂದಿನ ಸೋಮವಾರ ಮೊದಲ ವರ್ಷದವರ ಕ್ಲಾಸು. ಇಪ್ಪತ್ತೆಂಟು ಹುಡುಗಿಯರು, ವಾರ್ಡಿಗೆ ಹೋಗಲು ಶುರು ಮಾಡಿ ಇನ್ನೂ ಹತ್ತು ದಿನ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. "ಒಬ್ಬ ರೋಗಿ ಮಾತಾಡ್ತಾರೆ. ಒಂದು ನಿಮಿಷ ಅವರ ಉಸಿರು ಎಣಿಸಿ ಚೀಟಿಯಲ್ಲಿ ಬರೀರಿ. ಹೆಸರು ಬೇಡ" ಎಂದಷ್ಟೇ ಹೇಳಿದೆ. ಯಾರ ದನಿ ಎಂದು ಹೇಳಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಅವರ ಸಾಲಿನಲ್ಲೇ ಕೂತೆ.

ಅಕ್ಕ ಮಾತಾಡಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದರು, ಯಾರದೋ ಪೆನ್ನು ಬಿತ್ತು. ನಿಮಿಷ ಮುಗಿದಾಗ ಚೀಟಿಗಳನ್ನು ಒಟ್ಟು ಮಾಡಿ ಒಂದೊಂದೇ ಬಿಡಿಸಿದೆ. ಮೂವತ್ತಾರು, ಮೂವತ್ತೈದು, ಮೂವತ್ತಾರು, ಮೂವತ್ತೇಳು. ಚೆನ್ನಾಗಿ ಎಣಿಸಿದ್ದರು. ಮೂವತ್ತನಾಲ್ಕು, ಮೂವತ್ತಾರು.

ಹತ್ತೊಂಬತ್ತನೆಯ ಚೀಟಿಯಲ್ಲಿ ಇಪ್ಪತ್ತು ಎಂದಿತ್ತು. ಅಂದವಾದ ಅಕ್ಷರ.

ಚೀಟಿ ಎತ್ತಿ ತೋರಿಸಿದೆ. "ಇದು ಯಾರದ್ದು? ಬೈಯಲ್ಲ, ಹೇಳಿ."

ಎರಡನೇ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ಮುಖ ಕೆಂಪಾಗಿತ್ತು. "ನಂದು ಮೇಡಂ. ಪೆನ್ನು ಬಿದ್ದುಹೋಯ್ತು, ಎತ್ತಿಕೊಳ್ಳೋಷ್ಟರಲ್ಲಿ ಲೆಕ್ಕ ತಪ್ಪಿತು."

"ತಪ್ಪಿತು ಅಂತ ಬರೀಬಹುದಿತ್ತಲ್ಲ?"

"ಟೈಮ್ ಸಿಗದಿದ್ರೆ ಇಪ್ಪತ್ತು ಬರೀಬಹುದು ಅಂತ ವಾರ್ಡಿನಲ್ಲಿ ಸೀನಿಯರ್ಸ್ ಹೇಳಿದ್ರು ಮೇಡಂ. ಅದಕ್ಕೆ ಟೀಚರಮ್ಮನ ಇಪ್ಪತ್ತು ಅಂತಾರಂತೆ."

ಕ್ಲಾಸಿನಲ್ಲಿ ಒಂದಿಬ್ಬರು ಕಿಸಕ್ಕನೆ ನಕ್ಕರು. ಆ ಹುಡುಗಿಯೂ ನಗಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ಹದಿಮೂರು ದಿನದಿಂದ ಮರಗಟ್ಟಿದ್ದ ಎದೆಯೊಳಗೆ ಆಗ ಮೊದಲ ಸಲ ನೋವು ಗೊತ್ತಾಯಿತು. ಮೇಜಿನ ಅಂಚು ಹಿಡಿದುಕೊಂಡೆ.

"ಕೂತ್ಕೋಮ್ಮ" ಅಂದೆ. "ಇದು ನನ್ನ ಅಕ್ಕನ ದನಿ. ಈಗ ಅವಳಿಲ್ಲ. ಅವಳ ಪಟ್ಟಿಯಲ್ಲೂ ಇಪ್ಪತ್ತು ಅಂತಲೇ ಬರೆದಿತ್ತು."

ನಾನು ಹೊಸ ಚೀಟಿಗಳನ್ನು ಹಂಚಿದೆ. ಆ ಹುಡುಗಿಗೆ ನನ್ನ ಕೈಗಡಿಯಾರ ಬಿಚ್ಚಿ ಕೊಟ್ಟು, ಅವಳ ಪಕ್ಕದಲ್ಲೇ ಕೂತು, ಫೋನಿನ ಗುಂಡಿ ಒತ್ತಿದೆ.

"ಮಗಳೇ... ಊಟ ಆಯ್ತಾ..." ಅಂದಳು ಅಕ್ಕ. ನಾವು ಎಣಿಸತೊಡಗಿದೆವು.